ಮಾಡು ಕಟ್ಟಿದಿರೋ, ಕೆರೆ ಕಟ್ಟಿದಿರೋ?

ಮಳೆಯಲ್ಲಿ ಕ್ಯಾಂಪಿಂಗ್: ಟಾರ್ಪ್ ಆರಿಸುವುದು, ಕಟ್ಟುವುದು, ನೆನೆಯದೆ ಬೆಳಗು ಮಾಡುವುದು

ರಾತ್ರಿ ಎರಡು ಗಂಟೆ. ಮೂಡಿಗೆರೆ ಕಡೆಯ ಒಂದು ಕಾಫಿ ತೋಟ. ಅಕ್ಟೋಬರ್ 2ರ ರಜೆಗೆ ವೀಕೆಂಡ್ ಜೋಡಿಸಿಕೊಂಡು ಬೆಂಗಳೂರಿನಿಂದ ಹೊರಟಿದ್ದ ನಾವು ನಾಲ್ವರು, ಹೊಸದಾಗಿ ಕೊಂಡ ಟಾರ್ಪಿನ ಕೆಳಗೆ ಸಾಲಾಗಿ ಮಲಗಿದ್ದೆವು. ಹನ್ನೊಂದಕ್ಕೆ ಶುರುವಾದ ಮಳೆ ನಿಂತಿರಲಿಲ್ಲ. ಮೊದಲು ತಲೆಯ ಮೇಲೆ ಒಂದು ಸಣ್ಣ ಹೊಟ್ಟೆ ಇಳಿಬಿತ್ತು. ಕೆಳಗಿನಿಂದ ಕೋಲಿನಲ್ಲಿ ತಳ್ಳಿ ನೀರು ಚೆಲ್ಲಿದೆವು. ಹತ್ತು ನಿಮಿಷಕ್ಕೆ ಮತ್ತೆ ಹೊಟ್ಟೆ, ಈ ಸಲ ದೊಡ್ಡದು. ಮೂರನೇ ಸಲ ತಳ್ಳುವ ಮೊದಲೇ ಮೂಲೆಯ ರಿಂಗು ಕಿತ್ತು ಬಂತು. ಅಷ್ಟೂ ನೀರು ನಮ್ಮ ಸ್ಲೀಪಿಂಗ್ ಬ್ಯಾಗುಗಳ ಮೇಲೆ.

ಟೀಮಿನ ಗೆಳತಿಯೊಬ್ಬಳು ಪೂರ್ತಿ ನೆನೆದಿದ್ದಳು. ಅರ್ಧ ಗಂಟೆಯಲ್ಲಿ ಅವಳ ನಡುಕ ಹೆಚ್ಚಾಯಿತು, ಮಾತು ತೊದಲತೊಡಗಿತು. ಟಾರ್ಚು ಕೈಗೆ ಕೊಟ್ಟರೆ ಹಿಡಿಯಲಾಗುತ್ತಿಲ್ಲ. ಅಲ್ಲಿವರೆಗೆ ನಮಗದು ತಮಾಷೆಯ ಪ್ರಸಂಗ. ಆಮೇಲೆ ತಮಾಷೆ ಆಗಿ ಉಳಿಯಲಿಲ್ಲ. ಒದ್ದೆ ಬಟ್ಟೆ ಬದಲಿಸಿ, ಕಾರಿನೊಳಗೆ ಕೂರಿಸಿ, ಹೀಟರ್ ಹಾಕಿ, ಫ್ಲಾಸ್ಕಿನಲ್ಲಿದ್ದ ಬಿಸಿ ಬೆಲ್ಲದ ಕಾಫಿ ಕುಡಿಸಿದ ಮೇಲೆ ಅವಳು ಸರಿಯಾಗಿ ಮಾತಾಡಿದಳು. ಉಳಿದವರೂ ಬೆಳಗಿನವರೆಗೆ ಕಾರಿನಲ್ಲೇ.

ಬೆಳಿಗ್ಗೆ ತೋಟದ ರೈಟರ್ ಬಂದರು. ನೆಲಕ್ಕೆ ಬಿದ್ದಿದ್ದ ಟಾರ್ಪ್ ನೋಡಿದರು, ನಾಲ್ಕು ಮರಕ್ಕೆ ಒಂದೇ ಎತ್ತರದಲ್ಲಿ ಕಟ್ಟಿದ್ದ ಹಗ್ಗ ನೋಡಿದರು. “ಸಾರ್, ನೀವು ಮಾಡು ಕಟ್ಟಿಲ್ಲ, ಕೆರೆ ಕಟ್ಟಿದ್ದೀರಿ” ಅಂದರು. ಆಮೇಲೆ ಅದೇ ಟಾರ್ಪು, ಅದೇ ಹಗ್ಗ, ಎರಡು ಮರ, ಹತ್ತೇ ನಿಮಿಷ. ಊರ ಮನೆಯ ಮಾಡಿನ ಹಾಗೆ ಎರಡೂ ಕಡೆ ಇಳಿಜಾರಾಗಿ ಬಿಗಿದು ನಿಲ್ಲಿಸಿದರು. ಬೆಳಗಿನ ಮಳೆ ಅದರ ಮೇಲಿಂದ ಜಾರಿ ಹೋಗುತ್ತಿತ್ತು, ಒಂದು ಹನಿಯೂ ನಿಲ್ಲದೆ.

ಅಂಗಡಿಯಿಂದ ನಾವು ತಂದದ್ದು ಬರೀ ಹಾಳೆ. ಅದು ಮಾಡಾಗುವುದು ಇಳಿಜಾರು, ಬಿಗಿ ಮತ್ತು ಜಾಗ ಈ ಮೂರರಿಂದ. ಟಾರ್ಪಿನ ಬಗ್ಗೆ ನಾನು ಕಲಿತದ್ದರ ಸಾರ ಇಷ್ಟೇ. ಉಳಿದದ್ದೆಲ್ಲ ಇದರ ವಿವರ.

ಮೊದಲು ನೀರಿನ ಲೆಕ್ಕ

ಒಂದು ಚದರ ಮೀಟರ್ ಜಾಗದ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. ಶಾಲೆಯಲ್ಲಿ ಓದಿದ ಲೆಕ್ಕವೇ. ನಮ್ಮ ಟಾರ್ಪ್ 3 ಮೀಟರ್ ಉದ್ದ, 3 ಮೀಟರ್ ಅಗಲ. ಅಂದರೆ 9 ಚದರ ಮೀಟರ್. ಒಂದು ಜೋರು ಮಳೆಗೆ 50 ಮಿ.ಮೀ. ಬಿದ್ದರೆ ಅದರ ಮೇಲೆ ಬೀಳುವುದು 450 ಲೀಟರ್. ಆಫೀಸಿನಲ್ಲಿ ಇರುತ್ತಲ್ಲ, 20 ಲೀಟರಿನ ನೀರಿನ ಕ್ಯಾನು, ಅಂಥವು ಇಪ್ಪತ್ತೆರಡಕ್ಕೂ ಹೆಚ್ಚು.

ಇಷ್ಟೂ ನೀರು ಹರಿದು ಹೋಗುತ್ತಿದ್ದರೆ ಟಾರ್ಪಿಗೆ ಏನೂ ಭಾರವಿಲ್ಲ. ನಿಂತರೆ ಕಷ್ಟ. ಒಂದು ಚದರ ಮೀಟರಿನಷ್ಟು ಜಾಗದಲ್ಲಿ 10 ಸೆಂ.ಮೀ. ನೀರು ನಿಂತರೆ 100 ಕೆ.ಜಿ. ಅಂದರೆ ಒಂದು ಹಾಳೆಯ ನಡುವೆ ದಪ್ಪ ಆಳೊಬ್ಬ ಕೂತ ಹಾಗೆ. ಹಾಳೆ ತಡೆದರೂ ರಿಂಗು ತಡೆಯಲ್ಲ, ರಿಂಗು ತಡೆದರೂ ಗೂಟ ತಡೆಯಲ್ಲ. ಇನ್ನೊಂದು ತೊಂದರೆ: ನೀರು ನಿಂತಷ್ಟೂ ಹಾಳೆ ಕೆಳಗೆ ಜಗ್ಗುತ್ತೆ, ಜಗ್ಗಿದಷ್ಟೂ ಇನ್ನಷ್ಟು ನೀರು ಅಲ್ಲಿಗೇ ಬರುತ್ತೆ.

ಮಲೆನಾಡಿನ ಗದ್ದೆಯಲ್ಲಿ ನಾಟಿ ಮಾಡುವವರು ಹೊದೆಯುತ್ತಿದ್ದ ಗೊರಬನ್ನು ನೆನಪಿಸಿಕೊಳ್ಳಿ. ಬಿದಿರಿನ ಸೀಳು, ಒಣ ಎಲೆ ಅಷ್ಟೇ. ನೀರು ತಡೆಯುವ ಕೋಟಿಂಗ್ ಇಲ್ಲ, ಬ್ರ್ಯಾಂಡ್ ಇಲ್ಲ. ಆದರೂ ಇಡೀ ದಿನದ ಮಳೆಯಲ್ಲಿ ಬೆನ್ನು ನೆನೆಯುತ್ತಿರಲಿಲ್ಲ, ಏಕೆಂದರೆ ಹನಿಗೆ ನಿಲ್ಲಲು ಅದರ ಮೇಲೆ ಸಮತಟ್ಟು ಜಾಗವೇ ಇರುತ್ತಿರಲಿಲ್ಲ. ನಾವು ಸಾವಿರಗಟ್ಟಲೆ ಕೊಟ್ಟ ಟಾರ್ಪನ್ನು ಶಾಮಿಯಾನದ ಹಾಗೆ ಚಪ್ಪಟೆಯಾಗಿ ಕಟ್ಟಿದ್ದೆವು.

ಟೆಂಟ್ ಇರುವಾಗ ಟಾರ್ಪ್ ಯಾಕೆ?

ನ್ಯಾಯವಾದ ಪ್ರಶ್ನೆ. ಟಾರ್ಪ್ ಹಗುರ, ಮಡಚಿದರೆ ಬ್ಯಾಗಿನ ಒಂದು ಮೂಲೆಗೆ ಸಾಕು. ಗಾಳಿ ಆಡುತ್ತೆ. ಮಳೆಯಲ್ಲೂ ನಾಲ್ಕು ಜನ ಕೂತು ಹರಟೆ ಹೊಡೆಯಬಹುದು. ಟೆಂಟಿನ ಬಾಗಿಲ ಮುಂದೆ ಕಟ್ಟಿದರೆ ಒದ್ದೆ ಶೂ, ಚೀಲ ಇಡುವ ಜಗುಲಿ ಆಗುತ್ತೆ. ಹ್ಯಾಮಕ್‌ನಲ್ಲಿ ಮಲಗುವವರಿಗೆ ಮೇಲೊಂದು ಟಾರ್ಪ್ ಬೇಕೇ ಬೇಕು.

ಆದರೆ ಎಲ್ಲ ಕಡೆಗೂ ಟಾರ್ಪ್ ಅಲ್ಲ. ಇದಕ್ಕೆ ನೆಲ ಇಲ್ಲ, ಗೋಡೆ ಇಲ್ಲ. ಸೊಳ್ಳೆ, ಇಂಬಳ, ಹಾವು, ಚೇಳು ಯಾವುದನ್ನೂ ಇದು ತಡೆಯುವುದಿಲ್ಲ. ಮರವೇ ಇಲ್ಲದ ಬೋಳುಗುಡ್ಡದ ತುದಿಯಲ್ಲಿ ಗಾಳಿ ದಿಕ್ಕು ಬದಲಿಸುತ್ತಾ ಬೀಸುವಾಗ ಹೊಸಬರು ಟಾರ್ಪ್ ನಂಬಿ ಮಲಗಬಾರದು. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ನೆಲದ ಮೇಲೆ ಮಲಗಿದರೆ ಇಂಬಳಕ್ಕೆ ಹಬ್ಬದೂಟ. ಆ ತಿಂಗಳುಗಳಲ್ಲಿ ಟೆಂಟ್ ಒಳಗೆ ಮಲಗಿ, ಟಾರ್ಪನ್ನು ಕೂರಲು, ಉಣ್ಣಲು ಇಟ್ಟುಕೊಳ್ಳಿ. ಉಳಿದ ಕಾಲದಲ್ಲೂ ಟಾರ್ಪಿನ ಒಳಗೆ ನೇತುಹಾಕುವ ಸೊಳ್ಳೆಪರದೆ ಒಂದು ಜೊತೆಗಿರಲಿ. ಅದರ ಅಂಚನ್ನು ಹಾಸಿನ ಕೆಳಗೆ ಸಿಕ್ಕಿಸಿ ಮಲಗಿ.

ಯಾವ ಹಾಳೆ ಕೊಳ್ಳಲಿ?

ಅಂಗಡಿಯಲ್ಲಿ, ಆನ್‌ಲೈನ್‌ನಲ್ಲಿ ಸಿಗುವುದನ್ನೆಲ್ಲ ಮೂರು ಗುಂಪು ಮಾಡಬಹುದು.

ಒಂದು, ನಾವೆಲ್ಲ ನೋಡಿ ಬೆಳೆದ ನೀಲಿ ಟಾರ್ಪಾಲು. ಅಡಿಕೆ ಒಣಗಿಸುವ ಅಂಗಳ, ಭತ್ತದ ಕಣ, ಲಾರಿ ಲೋಡು, ಸಂತೆಯಂಗಡಿ ಎಲ್ಲ ಕಡೆ ಇದೇ. ಉತ್ತರ ಕರ್ನಾಟಕದ ಕಡೆ ಇದನ್ನೇ ತಾಡಪತ್ರಿ ಅಂತಾರೆ. ಪಾಲಿಥೀನ್ ಪಟ್ಟಿಗಳನ್ನು ನೇಯ್ದು ಎರಡೂ ಕಡೆ ತೆಳು ಪದರ ಹಚ್ಚಿರುತ್ತಾರೆ. ಅಗ್ಗ, ಗಟ್ಟಿ, ಊರೂರಿನ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತೆ. ತೊಂದರೆ ಎಂದರೆ ತೂಕ. ಇಲ್ಲಿ ಜಿಎಸ್‌ಎಂ ಅನ್ನುವ ಸಂಖ್ಯೆ ನೋಡಬೇಕು, ಅಂದರೆ ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ಅಂತ. 120 ಜಿಎಸ್‌ಎಂ ಇದ್ದರೆ 3×3 ಮೀಟರಿನ ಹಾಳೆ ಸುಮಾರು 1.1 ಕೆ.ಜಿ. ತೂಗುತ್ತೆ. 250 ಜಿಎಸ್‌ಎಂ ಆದರೆ 2.25 ಕೆ.ಜಿ. ಕಾರಿನಲ್ಲಿ ಹೋಗುವವರಿಗೆ ಇದೇನೂ ಭಾರವಲ್ಲ. ಮೊದಲ ಟಾರ್ಪ್ ಇದೇ ಆಗಿರಲಿ ಅಂತ ನನ್ನ ಸಲಹೆ. ಹರಿದರೆ ಹೊಟ್ಟೆ ಉರಿಯಲ್ಲ, ಧೈರ್ಯವಾಗಿ ಕಟ್ಟಿ ಬಿಚ್ಚಿ ಕಲಿಯಬಹುದು.

ಎರಡು, ಒಳಗೆ ಪಾಲಿಯುರಿಥೇನ್ ಲೇಪ ಇರುವ ಪಾಲಿಯೆಸ್ಟರ್. ಟ್ರೆಕ್ಕಿಂಗ್ ಸಾಮಾನಿನ ಅಂಗಡಿಗಳಲ್ಲಿ ಹೆಚ್ಚು ಕಾಣುವುದು ಇದು. ತೂಕವೂ ಬೆಲೆಯೂ ಮಧ್ಯಮ. ಒದ್ದೆಯಾದರೂ ಅಷ್ಟಾಗಿ ಹಿಗ್ಗುವುದಿಲ್ಲ. ಆದರೆ ಒದ್ದೆಯಾಗಿಯೇ ಮಡಚಿ ಅಟ್ಟಕ್ಕೆ ಹಾಕಿದರೆ ಕೆಲವೇ ವರ್ಷಗಳಲ್ಲಿ ಆ ಲೇಪ ಅಂಟಂಟಾಗಿ, ವಾಸನೆ ಹಿಡಿದು, ಸಿಪ್ಪೆ ಎದ್ದು ಬರುತ್ತೆ.

ಮೂರು, ಸಿಲಿಕೋನ್ ಹೀರಿಸಿದ ತೆಳು ನೈಲಾನ್ ಅಥವಾ ಪಾಲಿಯೆಸ್ಟರ್. 3×3 ಮೀಟರಿನದು ಅರ್ಧ ಕೆ.ಜಿ. ಆಸುಪಾಸು, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಮೂಟೆ. ಬೆಲೆ ಮಾತ್ರ ಸಾವಿರಗಳಲ್ಲಿ. ದಿನಗಟ್ಟಲೆ ಬೆನ್ನ ಮೇಲೆ ಹೊತ್ತು ನಡೆಯುವವರಿಗೆ ಇದು ಸರಿ. ನೈಲಾನ್ ಆದರೆ ಒಂದು ಗುಣ ತಿಳಿದಿರಲಿ: ನೀರು ಕುಡಿದಾಗ ಹಿಗ್ಗುತ್ತೆ. ಸಂಜೆ ತಬಲಾದ ಹಾಗೆ ಬಿಗಿದಿದ್ದು ರಾತ್ರಿ ಸಡಿಲವಾಗಿರುತ್ತೆ. ಮಲಗುವ ಮೊದಲು ಇನ್ನೊಮ್ಮೆ ಹಗ್ಗ ಎಳೆಯಬೇಕು.

ಕೊಳ್ಳುವಾಗ “ವಾಟರ್‌ಪ್ರೂಫ್” ಅನ್ನುವ ಪದ ನಂಬಬೇಡಿ, ಸಂಖ್ಯೆ ಕೇಳಿ. ಒಳ್ಳೆಯ ಟಾರ್ಪಿನ ಮೇಲೆ ಹೈಡ್ರೋಸ್ಟ್ಯಾಟಿಕ್ ಹೆಡ್ ಅಂತ ಮಿಲಿಮೀಟರ್‌ಗಳಲ್ಲಿ ಬರೆದಿರುತ್ತೆ. ಬಟ್ಟೆಯ ಮೇಲೆ ಎಷ್ಟು ಎತ್ತರದ ನೀರು ನಿಲ್ಲಿಸಿದರೆ ಸೋರಲು ಶುರುವಾಗುತ್ತೆ ಅನ್ನುವ ಅಳತೆ ಅದು. ಮೇಲಿನ ಮಾಡಿಗೆ 1,500 ಮಿ.ಮೀ. ಮೇಲಿದ್ದರೆ ನಡೆಯುತ್ತೆ. ನೆಲಕ್ಕೆ ಹಾಸುವುದಕ್ಕೆ ಇನ್ನೂ ಜಾಸ್ತಿ ಬೇಕು, ಏಕೆಂದರೆ ನಮ್ಮ ಮೊಣಕೈ, ಮಂಡಿಯ ಭಾರ ಕೆಳಗಿನ ನೀರನ್ನು ಮೇಲಕ್ಕೆ ಹಿಂಡುತ್ತೆ.

ಇನ್ನು ಮೂಲೆಗಳು. ನನ್ನ ಟಾರ್ಪ್ ಕೈಕೊಟ್ಟದ್ದು ಅಲ್ಲೇ. ತೆಳು ಬಟ್ಟೆಗೆ ಸುಮ್ಮನೆ ಒತ್ತಿದ ಅಲ್ಯುಮಿನಿಯಂ ರಿಂಗು ಜೋರಾಗಿ ಎಳೆದರೆ ಕಿತ್ತು ಬರುತ್ತೆ. ಮೂಲೆಯಲ್ಲಿ ಎರಡು ಮೂರು ಪದರ ಬಟ್ಟೆ ಸೇರಿಸಿ ಹೊಲಿದಿದ್ದಾರಾ, ರಿಂಗಿನ ಬದಲು ಪಟ್ಟಿಯ ಕುಣಿಕೆ ಇದೆಯಾ ನೋಡಿ. ಅಂಚಿನ ನಡುವೆಯೂ ಕಟ್ಟಲು ಜಾಗ ಇರಲಿ. ನಾಲ್ಕೇ ಮೂಲೆ ಇರುವ ಟಾರ್ಪಿಗಿಂತ ಎಂಟು ಕಡೆ ಕಟ್ಟಬಹುದಾದದ್ದು ಎಷ್ಟೋ ಉಪಯೋಗಿ.

ಅಳತೆ? ಒಬ್ಬರಿಗೆ ಅಥವಾ ಇಬ್ಬರಿಗೆ 3×3 ಮೀಟರ್ ಆರಾಮ. ನಾಲ್ವರು ಮಲಗಬೇಕು ಅಂದರೆ 4×4 ಅಥವಾ ಎರಡು ಟಾರ್ಪ್. ನಾವು ನಾಲ್ವರು 3×3ರ ಕೆಳಗೆ ತೂರಿಕೊಂಡದ್ದೂ ಒಂದು ತಪ್ಪು. ಜಾಗ ಸಾಲದೆ ಇದ್ದದ್ದಕ್ಕೇ ಚಪ್ಪಟೆ ಕಟ್ಟಿದೆವು.

ಕಟ್ಟುವ ಮೊದಲು ತಲೆ ಎತ್ತಿ ನೋಡಿ

ಜಾಗ ಸಿಕ್ಕ ಕೂಡಲೇ ಹಗ್ಗ ಬಿಚ್ಚಬೇಡಿ. ಮೊದಲು ಮೇಲೆ ನೋಡಿ. ಒಣಗಿದ ಕೊಂಬೆ, ಅರ್ಧ ಮುರಿದು ನೇತಾಡುವ ರೆಂಬೆ, ಹೆಜ್ಜೇನು ಇದ್ದರೆ ಆ ಮರ ಬಿಡಿ. ತೆಂಗಿನ ಮರದ ಕೆಳಗೆ ಬೇಡವೇ ಬೇಡ. ಗುಡುಗು ಮಿಂಚಿನ ಕಾಲದಲ್ಲಿ ಬಯಲಿನ ಒಂಟಿ ಮರವೂ ಬೇಡ.

ಆಮೇಲೆ ಕೆಳಗೆ ನೋಡಿ. ತಗ್ಗಿನಲ್ಲಿ ತರಗೆಲೆ, ಕಸಕಡ್ಡಿ ಒಂದೇ ದಿಕ್ಕಿಗೆ ಸಾಲಾಗಿ ಕೂತಿದೆಯಾ? ಹಾಗಿದ್ದರೆ ಅಲ್ಲಿ ಮಳೆನೀರು ಹರಿಯುತ್ತೆ ಅಂತ ಅರ್ಥ. ಹಳ್ಳದ ಪಾತ್ರದಲ್ಲಿ ಮರಳು ಎಷ್ಟೇ ಮೆತ್ತಗಿರಲಿ, ಮಲಗಬೇಡಿ. ಮೇಲೆಲ್ಲೋ ಬಿದ್ದ ಮಳೆ ಇಲ್ಲಿ ರಾತ್ರಿ ಬರುತ್ತೆ. ಸ್ವಲ್ಪವೇ ಇಳಿಜಾರಿರುವ, ಸುತ್ತಲಿಗಿಂತ ತುಸು ಎತ್ತರದ ಜಾಗ ಒಳ್ಳೆಯದು. ಸುತ್ತ ಕಾಲುವೆ ತೋಡುವ ಹಳೇ ಅಭ್ಯಾಸ ಬಿಡಿ. ತೋಟದ ಮಣ್ಣು ಕೊಚ್ಚಿ ಹೋಗುತ್ತೆ, ಜಾಗ ಸರಿ ಇದ್ದರೆ ಅದರ ಅಗತ್ಯವೂ ಬೀಳಲ್ಲ.

ಗಾಳಿಯ ದಿಕ್ಕು ಮೂರನೆಯದು. ಮುಂಗಾರಿನಲ್ಲಿ ನಮ್ಮಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮ, ನೈರುತ್ಯದಿಂದ. ಹಿಂಗಾರಿನಲ್ಲಿ ಪೂರ್ವ, ಈಶಾನ್ಯದಿಂದ. ಆದರೆ ಕಣಿವೆಯಲ್ಲಿ, ಗುಡುಗು ಮಳೆಯಲ್ಲಿ ಇದು ಬದಲಾಗುತ್ತೆ. ಅಲ್ಲೇ ನಿಂತು ಎಲೆ ಯಾವ ಕಡೆ ಆಡುತ್ತಿದೆ ನೋಡಿ. ಟಾರ್ಪಿನ ತಗ್ಗು ಬೆನ್ನು ಗಾಳಿಗೆ, ತೆರೆದ ಬಾಯಿ ಅದರ ವಿರುದ್ಧ ದಿಕ್ಕಿಗೆ.

ಕೊನೆಯದು, ಆದರೆ ಎಲ್ಲಕ್ಕಿಂತ ಮುಖ್ಯ: ಅಲ್ಲಿನವರನ್ನು ಕೇಳಿ. ಹಾಸನ, ಚಿಕ್ಕಮಗಳೂರು, ಕೊಡಗಿನ ತೋಟಗಳಲ್ಲಿ ಕಾಡಾನೆ ಓಡಾಡುವ ದಾರಿಗಳಿವೆ. ಆನೆ ಬಂದಿರುವ ಸುದ್ದಿ ಇದ್ದರೆ ಹೊರಗೆ ಮಲಗುವ ಯೋಚನೆಯನ್ನೇ ಕೈಬಿಡಿ. ಅರಣ್ಯದಲ್ಲಂತೂ ಅನುಮತಿ ಇಲ್ಲದೆ ರಾತ್ರಿ ತಂಗುವಂತಿಲ್ಲ. ಅಭಯಾರಣ್ಯದೊಳಗೆ ಪ್ರವೇಶಕ್ಕೇ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಪರವಾನಗಿ ಬೇಕು. ಕಲಿಯಲು ಪರಿಚಯದವರ ತೋಟ, ಕ್ಯಾಂಪಿಂಗಿಗೆ ಜಾಗ ಕೊಡುವ ಹೋಂಸ್ಟೇ ಇವೇ ಸರಿಯಾದ ಜಾಗ.

ಒಂದು ಹಗ್ಗ, ಎರಡು ಗಂಟು

ಯೂಟ್ಯೂಬ್‌ನಲ್ಲಿ ನೂರು ಗಂಟುಗಳಿವೆ. ನೂರೂ ಬೇಡ, ಎರಡು ಸಾಕು. ಆದರೆ ಆ ಎರಡು ಕತ್ತಲಲ್ಲಿ, ಒದ್ದೆ ಕೈಯಲ್ಲಿ ಬರಬೇಕು.

ಮೊದಲನೆಯದು ಲಾರಿಯವರು ಲೋಡಿನ ಮೇಲೆ ಹಗ್ಗ ಬಿಗಿಯುವ ತಂತ್ರ. ಎರಡು ಮರದ ನಡುವೆ ಬೆನ್ನುಹಗ್ಗ ಎಳೆಯಲು ಇದು ಬೇಕು. ಹಗ್ಗದ ಒಂದು ತುದಿಯನ್ನು ಮೊದಲ ಮರಕ್ಕೆ ಭದ್ರವಾಗಿ ಕಟ್ಟಿ. ಎರಡನೇ ಮರಕ್ಕೆ ಎರಡು ಮೊಳ ಇರುವಾಗಲೇ ಹಗ್ಗದ ನಡುವೆ ಒಂದು ಜಾರುಗಂಟಿನ ಕುಣಿಕೆ ಮಾಡಿ. ಉಳಿದ ತುದಿಯನ್ನು ಮರದ ಸುತ್ತ ತಂದು, ಆ ಕುಣಿಕೆಯೊಳಗೆ ತೂರಿಸಿ, ಮತ್ತೆ ಮರದ ಕಡೆಗೇ ಎಳೆಯಿರಿ. ರಾಟೆಯ ಹಾಗೆ ಕೆಲಸ ಮಾಡುತ್ತೆ, ಕಡಿಮೆ ಬಲಕ್ಕೆ ಹೆಚ್ಚು ಬಿಗಿ. ಬಿಗಿದಲ್ಲೇ ಬೆರಳಿನಲ್ಲಿ ಒತ್ತಿ ಹಿಡಿದು ಎರಡು ಅರ್ಧಗಂಟು ಹಾಕಿ. ಒಂದೇ ಎಚ್ಚರ: ಕುಣಿಕೆ ಎಳೆದಾಗ ಜಾರಬೇಕಾದ್ದು ನಿಮ್ಮ ಕೈಯಲ್ಲಿರುವ ತುದಿಯ ಕಡೆಯ ಹಗ್ಗ. ಮೊದಲ ಮರದ ಕಡೆಯದು ಜಾರಿದರೆ ಭಾರಕ್ಕೆ ಕುಣಿಕೆ ಮುಚ್ಚಿಹೋಗುತ್ತೆ.

ಎರಡನೆಯದು ಸರಿಯುವ ಗಂಟು, ಗೂಟಕ್ಕೆ. ಟಾರ್ಪಿನ ಮೂಲೆಯಿಂದ ಬಂದ ದಾರವನ್ನು ಗೂಟಕ್ಕೆ ಸುತ್ತಿ ವಾಪಸು ತನ್ನಿ. ಬಿಗಿದ ದಾರದ ಸುತ್ತ, ಗೂಟದ ಕಡೆಯ ಕುಣಿಕೆಯ ಒಳಗೆ ಎರಡು ಸುತ್ತು. ಆಮೇಲೆ ಅವೆರಡನ್ನೂ ದಾಟಿ ಟಾರ್ಪಿನ ಕಡೆ ಇನ್ನೊಂದು ಸುತ್ತು ಹಾಕಿ, ಆ ಸುತ್ತಿನ ಸಂದಿಯಲ್ಲೇ ತುದಿ ತೂರಿಸಿ ಎಳೆಯಿರಿ. ಗಂಟನ್ನು ಕೈಯಲ್ಲಿ ಹಿಡಿದು ಸರಿಸಿದರೆ ಸರಿಯುತ್ತೆ, ಬಿಟ್ಟರೆ ಹಿಡಿಯುತ್ತೆ. ರಾತ್ರಿ ಟಾರ್ಪ್ ಸಡಿಲವಾದಾಗ ಗಂಟು ಬಿಚ್ಚದೆ ಬಿಗಿ ಮಾಡಬಹುದು.

ಬೆನ್ನುಹಗ್ಗ ಬಿಗಿ ಇರಲಿ ಅಂತ ವೀಣೆ ತಂತಿಯ ಹಾಗೆ ಎಳೆಯಲೂ ಬೇಡಿ. ನಡುವೆ ತೂಗುವ ಭಾರಕ್ಕೆ ಹಗ್ಗ 30 ಡಿಗ್ರಿ ಬಾಗಿದ್ದರೆ ಅದರ ಮೇಲಿನ ಎಳೆತ ಭಾರದಷ್ಟೇ. ಬಾಗು 5 ಡಿಗ್ರಿಗೆ ಇಳಿದರೆ ಎಳೆತ ಭಾರದ ಐದೂವರೆ ಪಟ್ಟಿಗೂ ಹೆಚ್ಚು. ಒಂದು ಗಾಳಿ ಹೊಡೆತಕ್ಕೆ ಹಗ್ಗವೋ ರಿಂಗೋ ಸೋಲುತ್ತೆ. ಕೈಯಿಂದ ಒತ್ತಿದರೆ ತುಸು ಬಗ್ಗಿ ಮತ್ತೆ ಏಳಬೇಕು, ಅಷ್ಟು ಬಿಗಿ ಸಾಕು.

ಗೂಟದ ತಲೆ ಟಾರ್ಪಿನಿಂದ ಆಚೆಗೆ ವಾಲಿರಲಿ. ತೋಟದ ಮೆತ್ತನೆ ಮಣ್ಣಿನಲ್ಲಿ ಸಣ್ಣ ಗೂಟ ಬೆಣ್ಣೆಗೆ ಚುಚ್ಚಿದ ಕಡ್ಡಿಯ ಹಾಗೆ ಕಿತ್ತು ಬರುತ್ತೆ. ಅಂಥ ಕಡೆ ಮೇಲೊಂದು ಕಲ್ಲು ಹೇರಿ, ಇಲ್ಲವೇ ಬಿದ್ದ ಮರದ ದಿಮ್ಮಿಗೇ ಕಟ್ಟಿ. ರಿಂಗು ಕಿತ್ತುಹೋದರೆ? ಗುಂಡನೆ ಕಲ್ಲೊಂದನ್ನು ಬಟ್ಟೆಯ ಮೂಲೆಯಲ್ಲಿಟ್ಟು, ಗೊಂಬೆಯ ಕುತ್ತಿಗೆ ಕಟ್ಟಿದ ಹಾಗೆ ದಾರ ಬಿಗಿಯಿರಿ. ಹೊಸ ಮೂಲೆ ರೆಡಿ. ಆ ರಾತ್ರಿ ಇದೊಂದು ಗೊತ್ತಿದ್ದರೂ ನಾವು ಒಣಗಿದ್ದ ಅರ್ಧ ಹಾಸಿಗೆಯನ್ನಾದರೂ ಉಳಿಸಿಕೊಳ್ಳುತ್ತಿದ್ದೆವು.

ಮೂರು ಮಾಡು, ಮೂರು ಸಂದರ್ಭ

ಎರಡಿಳಿ ಮಾಡು: ರೈಟರ್ ಕಟ್ಟಿ ತೋರಿಸಿದ್ದು ಇದೇ. ಬೆನ್ನುಹಗ್ಗದ ಮೇಲೆ ಟಾರ್ಪನ್ನು ಅರ್ಧಕ್ಕೆ ಹೊದಿಸಿ, ಎರಡೂ ಅಂಚನ್ನು ಕೆಳಗೆ ಬಿಗಿಯುವುದು. 3×3 ಟಾರ್ಪಿಗೆ ಒಂದು ಸುಲಭದ ಲೆಕ್ಕ ಇದೆ. ಒಂದೊಂದು ಇಳಿ 1.5 ಮೀಟರ್. ಬೆನ್ನುಹಗ್ಗವನ್ನು 90 ಸೆಂ.ಮೀ. ಎತ್ತರಕ್ಕೆ, ಅಂದರೆ ಸುಮಾರು ಸೊಂಟದ ಮಟ್ಟಕ್ಕೆ ಕಟ್ಟಿ ಅಂಚನ್ನು ನೆಲಕ್ಕೆ ತಂದರೆ ಪ್ರತಿ ಕಡೆ 1.2 ಮೀಟರ್ ಅಗಲ, ಒಟ್ಟು 2.4 ಮೀಟರ್. ಮೂರು-ನಾಲ್ಕು-ಐದರ ತ್ರಿಕೋನ, ಗಣಿತದ ಮೇಷ್ಟ್ರು ಹೇಳಿಕೊಟ್ಟದ್ದೇ. ಇಬ್ಬರಿಗೆ ಜಾಗ ಸಾಕು, ಇಳಿಜಾರು ಸುಮಾರು 37 ಡಿಗ್ರಿ, ನೀರು ನಿಲ್ಲುವ ಮಾತೇ ಇಲ್ಲ. ಜೋರು ಮಳೆಯ ರಾತ್ರಿಗೆ ಕಣ್ಣುಮುಚ್ಚಿ ಇದನ್ನೇ ಕಟ್ಟಿ.

ಒಂದಿಳಿ ಮಾಡು: ಮುಂದಿನ ಅಂಚು ಎದೆಯೆತ್ತರಕ್ಕೆ, ಹಿಂದಿನ ಅಂಚು ನೆಲಕ್ಕೆ. ದನದ ಕೊಟ್ಟಿಗೆಗೆ ಇಳಿಸಿದ ಚಪ್ಪರದ ಹಾಗೆ. ಗಾಳಿ ಒಂದೇ ಕಡೆಯಿಂದ ಇದ್ದು, ಕೂತು ಮಾತಾಡುವ ಸಂಜೆಗಳಿಗೆ ಚೆಂದ. ರಾತ್ರಿ ಗಾಳಿ ತಿರುಗಿದರೆ ಮಳೆ ನೇರ ಒಳಗೆ. ಆದ್ದರಿಂದ ಮಲಗುವ ಮುನ್ನ ಎರಡಿಳಿಗೆ ಬದಲಿಸಿಕೊಳ್ಳುವುದು ಜಾಣತನ.

ಮೂಲೆಮಾಡು: ಒಂದೇ ಮರ ಇದ್ದಾಗ. ಟಾರ್ಪಿನ ಒಂದು ಮೂಲೆಯನ್ನು ಎದೆಯೆತ್ತರಕ್ಕೆ ಮರಕ್ಕೆ ಕಟ್ಟಿ, ಎದುರು ಮೂಲೆಯನ್ನು ಗಾಳಿ ಬರುವ ಕಡೆ ನೆಲಕ್ಕೆ ಹೊಡೆದು, ಪಕ್ಕದ ಎರಡು ಮೂಲೆಗಳನ್ನೂ ಗೂಟಕ್ಕೆ ಎಳೆಯುವುದು. ಮೂರು ಗೂಟ, ಒಂದು ಹಗ್ಗ, ಐದು ನಿಮಿಷ. ಗಾಳಿಗೆ ಚೂಪು ಮೂತಿ ಕೊಡುವುದರಿಂದ ಗಟ್ಟಿಯಾಗಿ ನಿಲ್ಲುತ್ತೆ. ಜಾಗ ಮಾತ್ರ ಒಬ್ಬರಿಗೆ, ಅಬ್ಬಬ್ಬಾ ಅಂದರೆ ಇಬ್ಬರಿಗೆ.

ಮಾಡು ಯಾವುದಾದರೂ ಒಂದೇ ಪರೀಕ್ಷೆ. ಕಟ್ಟಿದ ಮೇಲೆ ಒಂದು ಬಾಟಲಿ ನೀರು ಮೇಲೆ ಸುರಿಯಿರಿ. ಎಲ್ಲಾದರೂ ನಿಂತರೆ ಆ ಮೂಲೆಯನ್ನು ಇಳಿಸಿ, ಇಲ್ಲವೇ ಬಿಗಿ ಮಾಡಿ.

ರಾತ್ರಿ ಬರುವ ಸಣ್ಣ ಕಷ್ಟಗಳು

ಮಾಡು ಸರಿ ಇದ್ದರೂ ನೆನೆಯುವ ದಾರಿಗಳು ಇವೆ. ಹೊಸಬರು ಹೆಚ್ಚಾಗಿ ಮಾಡುವುದು ನೆಲಹಾಸಿನ ತಪ್ಪು. ಕೆಳಗೆ ಹಾಸಿದ ಶೀಟು ಮೇಲಿನ ಟಾರ್ಪಿಗಿಂತ ಒಂದಿಷ್ಟು ಹೊರಗೆ ಚಾಚಿದ್ದರೂ ಸೂರಿನ ನೀರು ಅದರ ಮೇಲೆ ಬಿದ್ದು ಹಾಸಿಗೆಯ ಕೆಳಗೇ ಬರುತ್ತೆ. ನೆಲಹಾಸು ಎಲ್ಲ ಕಡೆಯಿಂದ ಒಂದು ಗೇಣಾದರೂ ಒಳಗಿರಲಿ. ನೆಲಕ್ಕೆ ಬಿದ್ದ ಹನಿ ಕೆಸರು ಸಮೇತ ಸಿಡಿಯುತ್ತೆ, ಅದಕ್ಕೂ ಇದೇ ಮದ್ದು.

ಮರದ ಕಾಂಡದಿಂದ ಬೆನ್ನುಹಗ್ಗ ಹಿಡಿದು ನೀರು ಒಳಗೆ ಹರಿದು ಬರುವುದು ಇನ್ನೊಂದು. ಟಾರ್ಪಿನ ಹೊರಗೆ, ಹಗ್ಗಕ್ಕೆ ಎರಡೂ ಕಡೆ ಒಂದೊಂದು ಚಿಂದಿ ಬಟ್ಟೆ ಕಟ್ಟಿ ಇಳಿಬಿಡಿ. ನೀರು ಅಲ್ಲೇ ತೊಟ್ಟಿಕ್ಕುತ್ತೆ.

ಬೆಳಗಿನ ಜಾವ ಟಾರ್ಪಿನ ಒಳಮೈ ಒದ್ದೆ ಇದ್ದರೆ ಅಂಗಡಿಯವರನ್ನು ಬೈಯಬೇಡಿ. ಅದು ಸೋರಿದ್ದಲ್ಲ, ನಮ್ಮದೇ ಉಸಿರಿನ ಹಬೆ ತಣ್ಣನೆ ಹಾಳೆಗೆ ತಾಗಿ ನೀರಾದದ್ದು. ಮಳೆ ನಿಂತಾಗ ಅಂಚನ್ನು ಒಂದು ಗೇಣು ಎತ್ತಿದರೆ ಗಾಳಿ ಆಡಿ ಕಡಿಮೆಯಾಗುತ್ತೆ.

ಟಾರ್ಪಿನ ಕೆಳಗೆ ಬೆಂಕಿ ಹಾಕಬೇಡಿ. ಈ ಹಾಳೆಗಳೆಲ್ಲ ಪ್ಲಾಸ್ಟಿಕ್ ಜಾತಿಯವು, ಕಿಡಿ ಬಿದ್ದರೆ ತೂತು, ಹೊತ್ತಿಕೊಂಡರೆ ಕರಗಿ ಮೈಮೇಲೆ ಬೀಳುತ್ತೆ. ಸಣ್ಣ ಗ್ಯಾಸ್ ಸ್ಟವ್ ಆದರೆ ತೆರೆದ ಅಂಚಿನಲ್ಲಿ, ಗಾಳಿ ಆಡುವ ಕಡೆ ಮಾತ್ರ. ಎಲ್ಲ ಕಡೆ ಮುಚ್ಚಿ ಒಳಗೆ ಸ್ಟವ್ ಅಥವಾ ಇದ್ದಿಲ ಕೆಂಡ ಇಟ್ಟುಕೊಂಡರೆ ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್ ನಿದ್ದೆಯಲ್ಲೇ ಪ್ರಾಣ ತೆಗೆಯಬಹುದು.

ನೆನೆದರೆ ಏನು ಮಾಡಬೇಕು?

ಮೈ ತಾಪ ಅಪಾಯದ ಮಟ್ಟಕ್ಕೆ ಇಳಿಯುವುದು ಹಿಮಾಲಯದಲ್ಲಿ ಮಾತ್ರ ಅಂದುಕೊಂಡಿದ್ದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈ ಬಿಸಿಯನ್ನು ಎಳೆದುಕೊಳ್ಳುತ್ತೆ. ಒದ್ದೆ ಬಟ್ಟೆ, ಬೀಸುವ ಗಾಳಿ, ದಣಿದ ಮೈ, ಖಾಲಿ ಹೊಟ್ಟೆ ಸೇರಿದರೆ ಮಲೆನಾಡಿನ ರಾತ್ರಿಯೇ ಸಾಕು. ತಡೆಯದ ನಡುಕ, ತೊದಲು ಮಾತು, ಬೆರಳು ಮಾತು ಕೇಳದಿರುವುದು, ಮಂಕು ಇವು ಗುರುತುಗಳು. ನಡುಗುತ್ತಿದ್ದವರ ನಡುಕ ಮೈ ಬೆಚ್ಚಗಾಗದೆಯೇ ನಿಂತುಹೋದರೆ ಅದು ಇನ್ನೂ ಕೆಟ್ಟ ಗುರುತು. ತಡಮಾಡದೆ 108ಕ್ಕೆ ಕರೆ ಮಾಡಿ, ಆಸ್ಪತ್ರೆಗೆ ಹೊರಡಿ.

ಮೊದಲ ಕೆಲಸ ಒದ್ದೆ ಬಟ್ಟೆ ತೆಗೆದು ಒಣ ಬಟ್ಟೆ ಹಾಕುವುದು. ನೆಲದ ತಂಪಿಗೆ ತಾಗದಂತೆ ಕೆಳಗೆ ದಪ್ಪಗೆ ಹಾಸಿ, ಮೇಲೆ ಹೊದೆಸಿ, ತಲೆಗೆ ಟೋಪಿ ಹಾಕಿ. ಎಚ್ಚರವಿದ್ದು ನುಂಗಲು ಆಗುತ್ತಿದ್ದರೆ ಬಿಸಿಯಾದ ಸಿಹಿ ಪಾನೀಯ ಕೊಡಿ. “ಒಂದು ಪೆಗ್ ಹಾಕಿದ್ರೆ ಬೆಚ್ಚಗಾಗುತ್ತೆ” ಅನ್ನುವವರ ಮಾತು ಕೇಳಬೇಡಿ. ಮದ್ಯ ಮೈ ಬಿಸಿಯನ್ನು ಇನ್ನಷ್ಟು ಹೊರಗೆ ಹಾಕುತ್ತೆ. ಇದಕ್ಕೆಲ್ಲ ಒಂದು ಜೊತೆ ಬಟ್ಟೆ, ಒಂದು ಹೊದಿಕೆ ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ ಬೇರೆಯೇ ಇಟ್ಟಿರಬೇಕು. ಎಂಥ ಮಳೆ ಬಂದರೂ ಬೇರೆ ಕಾರಣಕ್ಕೆ ಅದನ್ನು ಬಿಚ್ಚಬಾರದು.

ಅಭ್ಯಾಸ ಮನೆಯ ತಾರಸಿಯಲ್ಲೇ

ಆ ಪ್ರಸಂಗದ ನಂತರ ನಾನು ಮೂರು ಭಾನುವಾರ ನಮ್ಮ ಬಿಲ್ಡಿಂಗಿನ ತಾರಸಿಯಲ್ಲಿ ಟಾರ್ಪ್ ಕಟ್ಟಿದೆ. ಒಂದು ಕಡೆ ನೀರಿನ ಟ್ಯಾಂಕಿನ ಕಂಬ, ಇನ್ನೊಂದು ಕಡೆ ಬಟ್ಟೆ ಒಣಹಾಕುವ ಕಂಬ. ಗೂಟಕ್ಕೆ ಬದಲು ನೀರು ತುಂಬಿದ ಬಕೆಟ್. ಬಟ್ಟೆ ಒಣಹಾಕಲು ಬಂದ ಕೆಳಮನೆ ಆಂಟಿ “ಏನಪ್ಪಾ, ಮನೇಲಿ ಫಂಕ್ಷನ್ನಾ?” ಅಂತ ಕೇಳಿದರು. ಮೊದಲ ವಾರ ಎರಡಿಳಿ ಮಾಡಿಗೆ ಮುಕ್ಕಾಲು ಗಂಟೆ. ಮೂರನೇ ವಾರ ಹನ್ನೆರಡು ನಿಮಿಷ. ಆಮೇಲೆ ಕಣ್ಣಿಗೆ ಟವೆಲ್ ಕಟ್ಟಿಕೊಂಡು ಎರಡೂ ಗಂಟು ಹಾಕಿ ನೋಡಿದೆ. ನಗಬೇಡಿ, ಕಾಡಿನ ಕತ್ತಲೆ ಟವೆಲಿಗಿಂತ ಕಪ್ಪು.

ಮನೆಗೆ ಬಂದ ಮೇಲಿನ ಒಂದು ಕೆಲಸ ಮರೆಯಬೇಡಿ. ಟಾರ್ಪ್ ಬಿಡಿಸಿ ನೆರಳಿನಲ್ಲಿ ಪೂರ್ತಿ ಒಣಗಿಸಿ ಮಡಚಿ. ಬಿಸಿಲಿಗೆ ದಿನಗಟ್ಟಲೆ ಬಿಟ್ಟರೆ ನೀಲಿ ಹಾಳೆ ಪುಡಿಪುಡಿ ಉದುರುತ್ತೆ. ಹರಿದ ನೀಲಿ ಎಳೆಗಳನ್ನು ತೋಟದಲ್ಲೇ ಬಿಟ್ಟು ಬರಬೇಡಿ, ಅವು ಮಣ್ಣಲ್ಲಿ ಕರಗುವ ವಸ್ತುವಲ್ಲ, ದನದ ಹೊಟ್ಟೆ ಸೇರುತ್ತವೆ.

ಹೊರಡುವ ಮುನ್ನ ಒಮ್ಮೆ ನೋಡಿಕೊಳ್ಳಿ

• ಟಾರ್ಪ್, ಅದಕ್ಕಿಂತ ಚಿಕ್ಕದಾದ ನೆಲಹಾಸು
• ಬೆನ್ನುಹಗ್ಗ 10 ಮೀಟರ್, ಮೂಲೆಗಳಿಗೆ 2 ಮೀಟರಿನ ಆರು ದಾರ
• ಗೂಟ ಎಂಟು, ಎರಡು ಹೆಚ್ಚಿಗೆ
• ಸೊಳ್ಳೆಪರದೆ, ತಲೆಗೆ ಕಟ್ಟುವ ಟಾರ್ಚು, ಇಂಬಳಕ್ಕೆ ಉಪ್ಪು
• ಪ್ಲಾಸ್ಟಿಕ್‌ನಲ್ಲಿ ಕಟ್ಟಿದ ಒಣ ಬಟ್ಟೆ, ಫ್ಲಾಸ್ಕ್
• ಜಾಗದವರ ಒಪ್ಪಿಗೆ, ಮನೆಯಲ್ಲಿ ಒಬ್ಬರಿಗಾದರೂ ಜಾಗದ ವಿವರ

ಮುಂದಿನ ವರ್ಷ ಅದೇ ತೋಟಕ್ಕೆ ಹೋದೆವು, ಅದೇ ನಾಲ್ವರು. ಆ ರಾತ್ರಿ ನೆನೆದಿದ್ದ ಗೆಳತಿಯೇ ಮೊದಲು ಹಠ ಹಿಡಿದವಳು. ಈ ಸಲ ಎರಡು ಟಾರ್ಪ್, ಎರಡೂ ಎರಡಿಳಿ. ರಾತ್ರಿ ಒಂದರ ಸುಮಾರಿಗೆ ಮಳೆ ಬಂತು. ಎದ್ದು ಒಂದು ಸುತ್ತು ಬಂದೆ, ಎರಡು ಗಂಟು ಸರಿಸಿ ಬಿಗಿ ಮಾಡಿದೆ, ಒಳಗೆ ಬಂದು ಮಲಗಿದೆ. ಅವಳು ಎಚ್ಚರವಾಗಿದ್ದಳು. “ಎಲ್ಲೂ ನಿಂತಿಲ್ವಾ?” ಅಂದಳು. ಇಲ್ಲ ಅಂದೆ. ಮಗ್ಗುಲು ಬದಲಿಸಿ ಮಲಗಿದಳು. ಬೆಳಿಗ್ಗೆ ರೈಟರ್ ಬಂದು ಸುತ್ತ ನೋಡಿ, ಒಂದು ಗೂಟವನ್ನು ಕಾಲಲ್ಲಿ ಒತ್ತಿ ಪರೀಕ್ಷೆ ಮಾಡಿ, ಏನೂ ಹೇಳದೆ “ಕಾಫಿಗೆ ಬನ್ನಿ” ಅಂದರು.

ನಿಮ್ಮ ಮಳೆ ರಾತ್ರಿಯ ಕತೆ ಇದ್ದರೆ ಓದುಗರ ಅಂಕಣಕ್ಕೆ ಬರೆಯಿರಿ. ಕಟ್ಟಿದ್ದು ಮಾಡೋ, ಕೆರೆಯೋ, ಅದನ್ನೂ ಮುಚ್ಚಿಡದೆ ಹೇಳಿ.